ಅಗ್ಗಿಷ್ಟಿಕೆಯ ಮೇಲಿನ ಗಂಡ

ಎಲ್ಲ ರಾದ್ಧಾಂತಕ್ಕೂ ಕಾರಣ ಮೂರೇ ಮೂರು ಪದ. “ಇವತ್ತು ದೋಣಿ ಇಳಿಸಬೇಡಿ.”

ಟಿವಿಯಲ್ಲಿ ಇಷ್ಟು ಮಾತಾಡುವ ಅವಕಾಶಕ್ಕಾಗಿ ಡೆನ್ಜಿಲ್ ಪ್ಲಮ್ಲಿ ಮೂವತ್ತೊಂದು ವರ್ಷ ಕಾದಿದ್ದ. ಹಾಗಂತ ಅವನು ಟಿವಿಯಲ್ಲಿ ಕಾಣಿಸಿಕೊಂಡೇ ಇರಲಿಲ್ಲ ಅಂತಲ್ಲ. ಇಂಗ್ಲೆಂಡಿನಲ್ಲಿ ಅವನ ಮುಖ ನೋಡದ ಮನೆಯೇ ಇರಲಿಲ್ಲ. ಆದರೆ ನೋಡಿದವರಿಗೆ ತಾವು ನೋಡಿದ್ದೇವೆ ಅನ್ನುವುದು ಗೊತ್ತಿರಲಿಲ್ಲ, ಅಷ್ಟೆ. ಏಕೆಂದರೆ ಧಾರಾವಾಹಿಗಳಲ್ಲಿ ಡೆನ್ಜಿಲ್ ಫೋಟೋ ಆಗಿರುತ್ತಿದ್ದ.

ವಿಧವೆಯೊಬ್ಬಳು ಅಗ್ಗಿಷ್ಟಿಕೆಯ ಮುಂದೆ ನಿಂತು ನಿಟ್ಟುಸಿರು ಬಿಡುತ್ತಾಳಲ್ಲ, ಆಗ ಮೇಲಿನ ಹಲಗೆಯ ಮೇಲೆ ಚೌಕಟ್ಟಿನೊಳಗೆ ಕೂತಿರುವ ತೀರಿಹೋದ ಗಂಡ ಡೆನ್ಜಿಲ್. ಪತ್ತೇದಾರ ಮೇಜಿನ ಮೇಲೆ ಎಸೆಯುವ, ಕೊಲೆಯಾದ ಬ್ಯಾಂಕ್ ಮ್ಯಾನೇಜರನ ಚಿತ್ರವೂ ಅವನೇ. ಯುದ್ಧಕ್ಕೆ ಹೋಗಿ ವಾಪಸು ಬಾರದ ಅಣ್ಣ, ಮದುವೆಯ ಹಿಂದಿನ ದಿನ ಕುದುರೆಯಿಂದ ಬಿದ್ದು ಸತ್ತ ವರ, ಎಲ್ಲ ಅವನೇ. ಮೂವತ್ತೇಳು ಧಾರಾವಾಹಿಗಳಲ್ಲಿ ಹೀಗೆ ಮೂವತ್ತೇಳು ಸಲ ಕಥೆ ಶುರುವಾಗುವ ಮೊದಲೇ ಸತ್ತಿದ್ದ. ನಟನಾ ಶಾಲೆಯಿಂದ ಹೊರಬಂದು, ಎರಡು ವರ್ಷ ಊರೂರು ತಿರುಗುವ ನಾಟಕ ಕಂಪನಿಯಲ್ಲಿದ್ದು, ಮೊದಲ ಬಾರಿ ಸ್ಟುಡಿಯೋದ ಬಾಗಿಲಿಗೆ ಬಂದಾಗ ಸಾಮಾನು ಜೋಡಿಸುವವನೊಬ್ಬ ಅವನನ್ನು ಮೇಲಿನಿಂದ ಕೆಳಗೆ ನೋಡಿ, “ನಿಮ್ಮ ಮುಖದಲ್ಲಿ ಅದೇನೋ ಇದೆ ಸ್ವಾಮಿ. ನೋಡಿದ ತಕ್ಷಣ, ಪಾಪ, ಒಳ್ಳೆ ಮನುಷ್ಯ ಇದ್ರು ಅನ್ನಿಸುತ್ತೆ” ಅಂದಿದ್ದ. ಅಲ್ಲಿಗೆ ಅವನ ಹಣೆಬರಹ ತೀರ್ಮಾನವಾಯಿತು.

ಕ್ರಾಯ್ಡನ್‌ನಲ್ಲಿ ಅವನ ಜೊತೆಯಲ್ಲೇ ಇದ್ದ ತಾಯಿ ಮಾತ್ರ ಮಗ ಬರುವ ಒಂದು ಕಂತನ್ನೂ ಬಿಟ್ಟವಳಲ್ಲ. “ಇವತ್ತು ನಿನ್ನ ಗಾಜು ಒರೆಸಿರ್ಲಿಲ್ಲ ಕಣೋ, ಆ ಹೆಂಡ್ತಿ ಏನೂ ಸರಿ ಇಲ್ಲ” ಅನ್ನುತ್ತಿದ್ದಳು. ಈ ವಸಂತದಲ್ಲಿ ಅವಳ ಕಣ್ಣು ಪೂರ್ತಿ ಹೋಯಿತು. “ಇನ್ಮೇಲೆ ನೀನು ಟಿವೀಲಿ ಬಂದ್ರೂ ನಂಗೆ ಗೊತ್ತಾಗಲ್ವಲ್ಲೋ ಡೆನ್ಜಿ. ಫೋಟೋ ಸದ್ದು ಮಾಡಲ್ಲ” ಅಂದಳು. ನಗುತ್ತಲೇ ಅಂದಳು. ಡೆನ್ಜಿಲ್‌ಗೆ ಮಾತ್ರ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಅವತ್ತಿನಿಂದ ತನಗೆ ಪಾತ್ರ ಹುಡುಕಿಕೊಡುವ ಏಜೆಂಟಳ ಬೆನ್ನು ಹತ್ತಿದ. ಒಂದು ಮಾತು ಸಾಕು, ಒಂದೇ ಒಂದು. ಆರು ತಿಂಗಳ ಕಾಟಕ್ಕೆ ಫಲವಾಗಿ ನವೆಂಬರಿನಲ್ಲಿ ಸಿಕ್ಕಿತು. ಮೀನುಗಾರರ ಊರೊಂದರ ಕಥೆ. ನಾಲ್ಕು ದೋಣಿ ಕಡಲಿಗೆ ಇಳಿಯಲು ಸಿದ್ಧವಾಗಿರುತ್ತವೆ. ಕರಾವಳಿ ಕಾಯುವ ಮುದುಕನೊಬ್ಬ ಬಂದು “ಇವತ್ತು ದೋಣಿ ಇಳಿಸಬೇಡಿ” ಅನ್ನುತ್ತಾನೆ. ಅವರು ನಕ್ಕು ಹೋಗುತ್ತಾರೆ, ಮುಳುಗುತ್ತಾರೆ, ಆಮೇಲೆ ಎಂಟು ವಾರ ಅವರ ಹೆಂಡಂದಿರು ಅಳುತ್ತಾರೆ. ತಾಯಿ ಬೀದಿಗೆಲ್ಲ ಹೇಳಿಕೊಂಡು ಬಂದಳು. “ಈ ಸಲ ನನ್ನ ಮಗ ಬಾಯಿ ಬಿಡ್ತಾನೆ.”

ಚಿತ್ರೀಕರಣ ಇದ್ದದ್ದು ಕ್ರೇಲ್ಬಿ ಅನ್ನುವ ಪುಟ್ಟ ಬಂದರಿನಲ್ಲಿ. ಬೆಳಿಗ್ಗೆ ಡೆನ್ಜಿಲ್ ಬಸ್ಸಿನಿಂದಿಳಿದಾಗ ಊರೇ ಇರಲಿಲ್ಲ. ಕಡಲ ಮಂಜು ಬಂದು ಊರನ್ನು ನುಂಗಿ ಕೂತಿತ್ತು. ಎದುರಿಗೆ ಚಾಚಿದ ತನ್ನ ಕೈ ತನಗೇ ಅರ್ಧ ಕಾಣುತ್ತಿತ್ತು. ಎಲ್ಲೋ ದೂರದಲ್ಲಿ, ಮಂಜಿನಲ್ಲಿ ದೋಣಿಗಳನ್ನು ಎಚ್ಚರಿಸುವ ಕೊಂಬು ನಿಮಿಷಕ್ಕೊಂದು ಸಲ ಹಸು ನರಳಿದ ಹಾಗೆ ಕೂಗುತ್ತಿತ್ತು. ನಿರ್ದೇಶಕ ನೈಜೆಲ್ ಕ್ರಾಡಕ್ ಮಾತ್ರ ಖುಷಿಯಾಗಿದ್ದ. ಇಂಥ ಮಂಜು ಹುಡುಕಿಕೊಂಡೇ ಅವನು ಇಲ್ಲಿಯವರೆಗೆ ಬಂದದ್ದು.

“ನಾನು ಡೆನ್ಜಿಲ್ ಪ್ಲಮ್ಲಿ, ಸರ್.”

“ದೋಣಿಯವರಾ?”

“ಅಲ್ಲ ಸರ್. ದೋಣಿ ಬೇಡ ಅನ್ನೋವನು.”

“ಎರಡು ಗಂಟೆಗೆ ಬನ್ನಿ” ಅಂದ ಕ್ರಾಡಕ್, ಕಾಗದದಿಂದ ತಲೆ ಎತ್ತದೆ. ಕ್ಯಾಮೆರಾದ ಕಣ್ಣಿನಲ್ಲಿ ಬಿಟ್ಟು ಬೇರೆ ಯಾವ ರೀತಿಯಲ್ಲೂ ಮನುಷ್ಯರನ್ನು ನೋಡುವ ಅಭ್ಯಾಸ ಅವನಿಗಿರಲಿಲ್ಲ.

ಚರ್ಚಿನ ಪಕ್ಕದ ಹಾಲ್‌ನಲ್ಲಿ ಬಣ್ಣ ಹಚ್ಚುವ ಬೆರಿಲ್ ಇದ್ದಳು. ಅವಳು ಡೆನ್ಜಿಲ್‌ನ ನುಣ್ಣನೆಯ ಗಲ್ಲಕ್ಕೆ ನರೆತ ಗಡ್ಡ ಅಂಟಿಸಿದಳು, ಹುಬ್ಬಿಗೆ ಬಿಳಿ ತೀಡಿದಳು, ಬೋಳು ತಲೆಗೆ ಕ್ಯಾಪ್ಟನ್ನರ ಟೋಪಿ ಇಟ್ಟಳು, ಹಿತ್ತಾಳೆ ಗುಂಡಿಯ ನೀಲಿ ಕೋಟು ತೊಡಿಸಿದಳು. ಅಷ್ಟು ಹೊತ್ತೂ ಅವನ ಬಾಯಲ್ಲಿ ಅದೇ ಮಾತು. ಒಂದು ಸಲ “ಇವತ್ತು” ಮೇಲೆ ಒತ್ತು, ಒಂದು ಸಲ “ದೋಣಿ” ಮೇಲೆ, ಒಂದು ಸಲ “ಬೇಡಿ” ಮೇಲೆ.

“ನಲವತ್ತು ಸಲ ಆಯ್ತು” ಅಂದಳು ಬೆರಿಲ್. “ಇನ್ನೊಂದ್ಸಲ ಅಂದ್ರೆ ಗಡ್ಡ ಕಿತ್ಕೋತೀನಿ. ಎದ್ದು ಹೋಗಿ ಸಮುದ್ರಕ್ಕೆ ಹೇಳ್ಕೊಳ್ಳಿ. ಆದ್ರೆ ಜಾಸ್ತಿ ಹೊತ್ತು ಇರ್ಬೇಡಿ, ಈ ಅಂಟು ತೇವಕ್ಕೆ ತಡೆಯಲ್ಲ.”

ಹಾಗಾಗಿ ಅವನು ಕಡಲ ದಂಡೆಗೆ ಹೋದ. ಅಲ್ಲೊಂದು ಬೆಂಚು ಸಿಕ್ಕಿತು, ಕೂತ. ಎದುರಿಗೆ ಬಿಳಿ, ಹಿಂದೆ ಬಿಳಿ. ಅಲೆಗಳ ಸದ್ದು ಮಾತ್ರ ಇತ್ತು, ಅಲೆ ಇರಲಿಲ್ಲ. ಮಾತಾಡಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಡೆನ್ಜಿಲ್ ಗಂಟಲು ಸರಿಮಾಡಿಕೊಂಡು, ಈ ಸಲ ಒತ್ತು ಯಾವುದಕ್ಕೂ ಕೊಡದೆ, ತುಂಬ ದೂರದಿಂದ ನಡೆದು ಬಂದವನ ಆಯಾಸದಲ್ಲಿ, ಮೆಲ್ಲಗೆ ಅಂದ.

“ಇವತ್ತು ದೋಣಿ ಇಳಿಸಬೇಡಿ.”

“ಯಾರದು?” ಅಂತು ಮಂಜು.

ಮಂಜಿನೊಳಗಿಂದ ಮೊದಲು ಒಂದು ನಾಯಿ ಬಂತು, ಆಮೇಲೆ ನಾಯಿಯ ಹಗ್ಗ, ಆಮೇಲೆ ಒಬ್ಬ ಸಣಕಲು ಹೆಂಗಸು. ಅವಳು ಮಿಸ್ ಪಿನ್ನಕ್. ಊರಿನ ಅಂಚೆ ಕಚೇರಿ ನಡೆಸುವವಳು, ಕಾಗದ ತಲುಪಿಸುವುದಕ್ಕೆ ಮೊದಲೇ ಅದರಲ್ಲಿರುವ ಸುದ್ದಿ ತಲುಪಿಸುತ್ತಾಳೆಂದು ಹೆಸರಾದವಳು. ಅವಳು ಡೆನ್ಜಿಲ್‌ನ ಮುಖ ನೋಡಿದಳು. ಬೆಂಚು ನೋಡಿದಳು. ಮತ್ತೆ ಮುಖ ನೋಡಿದಳು. ನಾಯಿ ಕೂತು, ಮೂಗು ಮೇಲೆತ್ತಿ, ಉದ್ದಕ್ಕೆ ಊಳಿಟ್ಟಿತು.

“ಕ್ಯಾಪ್ಟನ್” ಅಂದಳು ಮಿಸ್ ಪಿನ್ನಕ್. ಅದು ಕರೆದ ಹಾಗಿರಲಿಲ್ಲ, ಉಸಿರು ಹೋದ ಹಾಗಿತ್ತು. ಆಮೇಲೆ ಬೆನ್ನು ತಿರುಗಿಸದೆ, ಒಂದೊಂದೇ ಹೆಜ್ಜೆ ಹಿಂದಿಟ್ಟು ಮಂಜಿನೊಳಗೆ ಕರಗಿಹೋದಳು.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೇ ಅನುಮಾನ ಬರುತ್ತಿತ್ತು. ಡೆನ್ಜಿಲ್ ನಟ. ಅವನಿಗೆ ಬಂದದ್ದು ಆನಂದಬಾಷ್ಪ. ಬರೀ ಮೂರು ಪದಕ್ಕೆ ಒಬ್ಬ ಹೆಂಗಸಿನ ಮುಖದ ರಕ್ತ ಇಳಿಸಿದೆನಲ್ಲ ಅಂತ ಅವನ ಎದೆ ಉಬ್ಬಿತು. ಅಷ್ಟರಲ್ಲಿ ಭಾರವಾದ ಬೂಟುಗಳ ಸದ್ದು ಕೇಳಿಸಿತು. ಬುಟ್ಟಿ ಹೊತ್ತ ಮೀನುಗಾರನೊಬ್ಬ ಬಂದು ಬೆಂಚಿನ ಮುಂದೆ ಗಕ್ಕನೆ ನಿಂತ. ಅವನು ಏಮಸ್ ಟಾನ್ಸ್ಲಿ. ಟಿವಿಯವರು ಚಿತ್ರೀಕರಣಕ್ಕೆ ಗೊತ್ತು ಮಾಡಿದ್ದ ನಾಲ್ಕು ದೋಣಿಗಳ ಹಿರಿಯ. ಆರಡಿಯ ಆಳು, ಅವನ ಗಲ್ಲ ಅಲುಗುತ್ತಿತ್ತು.

“ಏ... ಏನಂದ್ರಿ?”

ಇನ್ನೊಬ್ಬ ಪ್ರೇಕ್ಷಕ! ಡೆನ್ಜಿಲ್ ನಿಧಾನವಾಗಿ ಕತ್ತು ತಿರುಗಿಸಿದ. ನೇರ ಏಮಸ್‌ನ ಕಣ್ಣಿನೊಳಗೆ ನೋಡಿದ. ತನ್ನಲ್ಲಿದ್ದ ಕಲೆಯನ್ನೆಲ್ಲ ಬಸಿದು ಹೇಳಿದ.

“ಇವತ್ತು. ದೋಣಿ. ಇಳಿಸಬೇಡಿ.”

ಬುಟ್ಟಿ ನೆಲಕ್ಕೆ ಬಿತ್ತು. ಏಮಸ್ ಅದನ್ನು ಎತ್ತಿಕೊಳ್ಳಲಿಲ್ಲ. ಓಡುವ ಬೂಟಿನ ಸದ್ದು ಮಂಜಿನಲ್ಲಿ ತುಂಬ ಹೊತ್ತು ಕೇಳಿಸುತ್ತಿತ್ತು.

ಡೆನ್ಜಿಲ್ ತೃಪ್ತಿಯಿಂದ ಎದ್ದು ಕೋಟು ಕೊಡವಿಕೊಂಡ. ಆಗ ಬೆಂಚಿನ ಬೆನ್ನಿಗೆ ಬಡಿದಿದ್ದ ಹಿತ್ತಾಳೆ ಫಲಕ ಕಾಣಿಸಿತು. ‘ಕ್ಯಾಪ್ಟನ್ ಜೋಸಾಯ ಹಾಕ್ರಿಜ್ ಅವರ ನೆನಪಿಗೆ. ಕಡಲಿಗೆ ಹೋದವರು ಮರಳಲಿಲ್ಲ. ಇಲ್ಲಿ ಕೂರುವುದು ಅವರಿಗೆ ಇಷ್ಟವಾಗುತ್ತಿತ್ತು.’ ಪಾಪ, ಸತ್ತವರ ಜಾಗದಲ್ಲಿ ಕೂತುಬಿಟ್ಟೆನಲ್ಲ ಅಂತ ತೋಳಿನಿಂದ ಬೆಂಚು ಒರೆಸಿ, ಒಂದು ಕಪ್ ಚಹಾ ಕುಡಿದರೆ ಸರಿಹೋದೀತೆಂದು ಊರ ಕಡೆ ನಡೆದ.

ಬೇಕರಿಯಲ್ಲಿ ನಾಲ್ಕೈದು ಜನ ಜೋರಾಗಿ ಮಾತಾಡುತ್ತಿದ್ದರು. ಇವನು ಬಾಗಿಲು ತೆರೆದ ಕೂಡಲೇ ರೇಡಿಯೋ ಆರಿಸಿದ ಹಾಗೆ ಮಾತು ನಿಂತಿತು. ಜನ ಗೋಡೆಗೆ ಅಂಟಿದರು.

“ಒಂದು ಚಹಾ ಸಿಗುತ್ತಾ ಅಮ್ಮಾ? ತುಂಬ ಚಳಿ.”

ಬೇಕರಿಯಾಕೆ ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಂಡಳು. “ಅಲ್ಲೂ... ಚಳಿ ಇರುತ್ತಾ?”

“ಅಲ್ಲೇ ಜಾಸ್ತಿ” ಅಂದ ಡೆನ್ಜಿಲ್, ದಂಡೆಯ ಕಡೆ ಕೈ ತೋರಿಸಿ. “ಮೈ ಎಲ್ಲ ಒದ್ದೆ. ಹೊಟ್ಟೆಗೂ ಏನೂ ಬಿದ್ದಿಲ್ಲ.”

“ಹದಿನೆಂಟು ವರ್ಷದಿಂದ!” ಅಂತ ಮೂಲೆಯಲ್ಲಿ ಯಾರೋ ಬಿಕ್ಕಿದರು. ಬೇಕರಿಯಾಕೆ ಬನ್ನಿನ ತಟ್ಟೆಯನ್ನೇ ಅವನ ಕಡೆ ತಳ್ಳಿ, ಕಟ್ಟೆಯ ಕೆಳಗೆ ಕೂತುಬಿಟ್ಟಳು. ಎಷ್ಟು ಕರೆದರೂ ಏಳಲಿಲ್ಲ.

ಡೆನ್ಜಿಲ್ ಒಂದು ಬನ್ ತೆಗೆದುಕೊಂಡು ಹೊರಬಂದ. ಈಗ ಅವನಿಗೂ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಬೀದಿಯಲ್ಲಿ ಒಂದೊಂದಾಗಿ ಬಾಗಿಲುಗಳು ಮುಚ್ಚುತ್ತಿದ್ದವು, ಕಿಟಕಿಯ ಪರದೆಗಳು ಒಂದು ಬೆರಳಿನಷ್ಟು ಸರಿಯುತ್ತಿದ್ದವು. ಎಡಕ್ಕೆ ಹೋಗೋಣವೆಂದರೆ ಅಲ್ಲಿ ಹತ್ತು ಜನ ಸಾಲಾಗಿ ನಿಂತಿದ್ದರು. ಬಲಕ್ಕೆ ಹೋಗೋಣವೆಂದರೆ ಅಲ್ಲಿಯೂ ನಿಂತಿದ್ದರು. ಯಾರೂ ಮಾತಾಡಲಿಲ್ಲ, ಯಾರೂ ತಡೆಯಲಿಲ್ಲ. ಒಂದೇ ಒಂದು ದಾರಿಯನ್ನು ಮಾತ್ರ ಖಾಲಿ ಬಿಟ್ಟಿದ್ದರು, ಅದು ಗುಡ್ಡದ ಮೇಲಕ್ಕೆ ಹೋಗುತ್ತಿತ್ತು. ಅವನು ಹತ್ತಿದ. ಹಿಂದೆ ಅಷ್ಟು ದೂರದಲ್ಲಿ ಇಡೀ ಊರಿನ ಹೆಜ್ಜೆ ಸದ್ದು ಹತ್ತಿತು. ಇವನು ನಿಂತರೆ ಅದೂ ನಿಲ್ಲುತ್ತಿತ್ತು. ಮಂಜಿನಲ್ಲಿ ಮಿಸ್ ಪಿನ್ನಕ್‌ಳ ದನಿ ಕೇಳಿಸಿತು. “ನೋಡಿ, ನೋಡಿ, ದಾರಿ ಹೇಗೆ ನೆನಪಿದೆ! ನೇರ ಹೆಂಡ್ತಿ ಮನೆಗೇ ಹೋಗ್ತಿದ್ದಾರೆ.”

ದಾರಿ ಒಂದು ಹಸಿರು ಬಾಗಿಲಿನ ಮುಂದೆ ಮುಗಿಯಿತು. ಡೆನ್ಜಿಲ್ ಕೈ ಎತ್ತುವ ಮೊದಲೇ ಬಾಗಿಲು ತೆರೆಯಿತು.

ಅಲ್ಲಿ ನಿಂತಿದ್ದವಳು ಅರವತ್ತರ ಆಸುಪಾಸಿನ, ನೆಟ್ಟಗಿನ, ಕಪ್ಪು ಉಡುಪಿನ ಹೆಂಗಸು. ಬೆಳಿಗ್ಗೆಯಿಂದ ಅವನನ್ನು ನೋಡಿದವರಲ್ಲಿ ಬೆಚ್ಚಿಬೀಳದವಳು ಇವಳೊಬ್ಬಳೇ. ಅವಳು ಅವನ ಕೋಟಿನ ಕೊರಳಪಟ್ಟಿಗೆ ಕೈ ಹಾಕಿ ಒಳಗೆಳೆದು, ಬಾಗಿಲು ಹಾಕಿ, ಅಗುಳಿ ಇಟ್ಟು, ಬಾಗಿಲಿಗೆ ಒರಗಿ ನಿಂತಳು.

“ಹದಿನೆಂಟು ವರ್ಷದಿಂದ ಹೆದರ್ಕೊಂಡಿದ್ದೆ. ಕೊನೆಗೂ ಬಂದ್ರಿ” ಅಂದಳು.

ಅವನ ಕಣ್ಣು ಅಗ್ಗಿಷ್ಟಿಕೆಯ ಮೇಲೆ ನೆಟ್ಟುಹೋಗಿತ್ತು. ಅಲ್ಲಿ, ಕಪ್ಪು ಪಟ್ಟಿ ಕಟ್ಟಿದ ಬೆಳ್ಳಿ ಚೌಕಟ್ಟಿನೊಳಗೆ, ಅವನೇ ಇದ್ದ. ಇದೇ ಟೋಪಿ, ಇಂಥದೇ ಕೋಟು, ಇದೇ ನರೆತ ಗಡ್ಡ. ಕೆಳಗೆ ತಾಜಾ ಹೂವು. ಪಕ್ಕದಲ್ಲಿ ಅವನ ಹೆಸರಲ್ಲದ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಎಷ್ಟೋ ಸೆಟ್‌ಗಳಲ್ಲಿ ಅವನು ಹೀಗೆ ಕೂತಿದ್ದ. ಆದರೆ ಅಲ್ಲೆಲ್ಲ ಮೇಲೆ ದೀಪಗಳಿದ್ದವು, ನಾಲ್ಕನೆಯ ಗೋಡೆ ಇರಲಿಲ್ಲ. ಇಲ್ಲಿ ನಾಲ್ಕೂ ಗೋಡೆಗಳಿದ್ದವು. ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ನಿಜವಾಗಿಯೂ ನಾನು ಸತ್ತುಹೋಗಿದ್ದು, ಯಾರೂ ನನಗೆ ಹೇಳಲಿಲ್ಲವೋ ಏನೋ ಅಂತ ಅವನಿಗೆ ಒಂದು ಕ್ಷಣ ಪ್ರಾಮಾಣಿಕವಾಗಿ ಅನುಮಾನ ಬಂತು. ಕುರ್ಚಿಯಲ್ಲಿ ಕುಸಿದ.

“ಅಮ್ಮಾ, ನಾನು... ಯಾವಾಗ ಹೋದೆ?”

“ನೀವು ಹೋಗೋದಿಕ್ಕೆ ಇದ್ದಿದ್ರೆ ತಾನೆ?” ಅಂದಳು ಅವಳು. “ಬನ್ ತಿನ್ನಿ ಮೊದಲು. ಹೇಳ್ತೀನಿ.”

ಅವಳು ಆಲಿವ್ ಹಾಕ್ರಿಜ್. ಮದುವೆಯೇ ಆಗಿರಲಿಲ್ಲ. ಲೀಡ್ಸ್‌ನಲ್ಲಿ ಯಾರದೋ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದು, ನಲವತ್ತು ದಾಟಿದ ಮೇಲೆ ಈ ಮನೆ ಬಾಡಿಗೆಗೆ ಹಿಡಿದು ಬರುವಾಗ, ಚರ್ಚಿನವರು ಹಳೆ ಸಾಮಾನು ಮಾರುವ ಕಡೆ ಒಂದು ಚೌಕಟ್ಟು ಕೊಂಡಿದ್ದಳು. ಯಾವುದೋ ಹಳೆ ಧಾರಾವಾಹಿಯಲ್ಲಿ ಡೆನ್ಜಿಲ್ ಸತ್ತ ಕ್ಯಾಪ್ಟನ್ ಆಗಿದ್ದ ಚಿತ್ರ ಅದು, ಸ್ಟುಡಿಯೋದವರು ಬಿಸಾಡಿದ್ದು ಹೇಗೋ ಅಲ್ಲಿಗೆ ಬಂದಿತ್ತು. ಅದರಲ್ಲಿದ್ದ ಚಿತ್ರ ತೆಗೆದು ತನ್ನ ತಾಯಿಯ ಚಿತ್ರ ಹಾಕಬೇಕೆಂದಿದ್ದಳು. ಅದಕ್ಕೆ ಮೊದಲೇ ಮಿಸ್ ಪಿನ್ನಕ್ ಬಂದಳು.

“ಸಾಮಾನು ಇಳಿಸೋ ಮೊದಲೇ ಮನೆಯೊಳಗಿದ್ಲು ಅವಳು. ಚೌಕಟ್ಟು ನೋಡಿ, ‘ಅಯ್ಯೋ ಪಾಪ, ನಿಮ್ಮ ಯಜಮಾನ್ರಾ? ಕಡಲಲ್ಲಾ?’ ಅಂದ್ಲು. ನಾನು ಇಲ್ಲ ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವಳು ನನ್ನ ಕೈ ಹಿಡ್ಕೊಂಡು ಅಳ್ತಿದ್ಲು. ನನ್ನ ಕೈ ಹಿಡಿದು ಅದುವರೆಗೆ ಯಾರೂ ಅತ್ತಿರ್ಲಿಲ್ಲ ರೀ. ಸುಮ್ನಾದೆ.”

ಆ ಒಂದು ಸುಮ್ಮನಿರುವಿಕೆಗೆ ಊರು ಅವಳನ್ನು ಎತ್ತಿ ಆಡಿಸಿತು. ಮದುವೆಯಾಗದ ಅಡುಗೆಯವಳಿಗೆ ಚರ್ಚಿನಲ್ಲಿ ಕಂಬದ ಹಿಂದಿನ ಜಾಗ. ಕಡಲಿನಲ್ಲಿ ಕಳೆದುಹೋದ ಕ್ಯಾಪ್ಟನ್ನರ ಹೆಂಡತಿಗೆ ಮೊದಲ ಸಾಲು. ರಕ್ಷಣಾ ದೋಣಿಯ ಮಹಿಳಾ ಸಂಘಕ್ಕೆ ಅವಳೇ ಅಧ್ಯಕ್ಷೆ. ಊರವರೇ ಸೇರಿ ಕ್ಯಾಪ್ಟನ್ನರ ಹೆಸರಿನಲ್ಲಿ ಬೆಂಚು ಹಾಕಿಸಿದರು. ಈ ಊರಿಗೆ ಕಾಲಿಡದ ಕ್ಯಾಪ್ಟನ್ ಅಲ್ಲಿ ಕೂರುತ್ತಿದ್ದುದನ್ನು ಮೂರು ಜನ ಕಣ್ಣಾರೆ ಕಂಡಿದ್ದರು.

“ದಿನಾ ಸಂಜೆ ನಿಮ್ಮ ಮುಂದೆ ಕೂತು ಎಲ್ಲಾ ಹೇಳ್ಕೋತೀನಿ” ಅಂದಳು ಆಲಿವ್. “ಹದಿನೆಂಟು ವರ್ಷ ಸಂಸಾರ. ಒಂದು ದಿನ ಎದುರು ಮಾತಾಡಿಲ್ಲ ನೀವು. ನಿಜ ಹೇಳ್ಬೇಕು ಅಂದ್ರೆ, ನಿಮ್ಮ ದನಿ ಇಷ್ಟು ಕೀರಲು ಇರುತ್ತೆ ಅಂದ್ಕೊಂಡಿರ್ಲಿಲ್ಲ.”

ಡೆನ್ಜಿಲ್ ಗಡ್ಡದ ಒಂದು ಮೂಲೆ ಎತ್ತಿ ತೋರಿಸಿ, ತಾನು ಯಾರು, ಯಾಕೆ ಬಂದೆ ಅಂತೆಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ಕಣ್ಣು ತುಂಬಿತು. ಮೂವತ್ತೇಳು ಧಾರಾವಾಹಿಗಳಲ್ಲಿ ಯಾರೂ ಮೂರು ಸೆಕೆಂಡಿಗಿಂತ ಹೆಚ್ಚು ಅವನನ್ನು ನೋಡಿರಲಿಲ್ಲ. ಇಲ್ಲೊಬ್ಬಳು ಹದಿನೆಂಟು ವರ್ಷದಿಂದ ದಿನವೂ ನೋಡುತ್ತಿದ್ದಾಳೆ! ಆದರೂ ಅವನು ಎದ್ದ. “ಹೊರಗೆ ಹೋಗಿ ಗಡ್ಡ ಕಿತ್ತು ತೋರಿಸ್ತೀನಿ ಅಮ್ಮಾ. ನಾನು ನಟ ಅಂತ ಹೇಳಿಬಿಟ್ರೆ ಎಲ್ಲ ಸರಿಹೋಗುತ್ತೆ.”

“ನಿಮಗೆ ಸರಿಹೋಗುತ್ತೆ” ಅಂದಳು ಆಲಿವ್. ಇಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಈಗ ಒಡೆಯಿತು. “ಆ ಮುಖ ನಟನದು ಅಂತ ಗೊತ್ತಾದ್ರೆ ನಾನ್ಯಾರು? ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ? ಈ ಊರು ಒಳ್ಳೇದು ರೀ. ಆದ್ರೆ ಮೋಸ ಹೋದದ್ದು ಗೊತ್ತಾದ ಊರಿನ ಮುಖ ನೋಡಿದೀರಾ ನೀವು?”

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. “ಆಲಿವ್! ನೀನು ಬದುಕಿದೀಯಾ?” ಅಂತ ಮಿಸ್ ಪಿನ್ನಕ್‌ಳ ದನಿ. “ಇದ್ದಾರಾ? ಹೋದ್ರಾ? ಏನಾದ್ರೂ ಅಂದ್ರಾ?”

“ಈಗ ತಾನೆ ಕೂತಿದ್ದಾರೆ” ಅಂದಳು ಆಲಿವ್, ಬಾಗಿಲಿಗೆ ಬಾಯಿಟ್ಟು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

“ಅಯ್ಯೋ ದೇವರೇ! ಕೇಳು, ಬಂದರಲ್ಲಿ ದೊಡ್ಡ ಗಲಾಟೆ. ಕ್ಯಾಪ್ಟನ್ ಬೇಡ ಅಂದ್ರು ಅಂತ ಏಮಸ್ ದೋಣಿ ಮುಟ್ಟಲ್ಲ ಅಂತಿದ್ದಾನೆ. ನಾಲ್ಕು ದೋಣಿಯವರೂ ಕೈ ಕಟ್ಕೊಂಡು ಕೂತಿದ್ದಾರೆ. ಟಿವಿಯವನು ಕುಣಿದಾಡ್ತಿದ್ದಾನೆ. ಎರಡು ಗಂಟೆಗೆ ದೋಣಿ ಇಳೀಲಿಲ್ಲ ಅಂದ್ರೆ ಆ ದೃಶ್ಯಾನೇ ಕಿತ್ತುಹಾಕಿ ಬೇರೆ ಊರಿಗೆ ಹೋಗ್ತಾನಂತೆ.”

ಡೆನ್ಜಿಲ್ ಗೋಡೆ ಹಿಡಿದುಕೊಂಡ. ದೃಶ್ಯ ಹೋದರೆ ಮಾತೂ ಹೋಯಿತು. ಮೂವತ್ತೊಂದು ವರ್ಷದ ಮೇಲೆ ಸಿಕ್ಕ ಮಾತು, ಅದೇ ಮಾತಿನಿಂದಲೇ ಕೈತಪ್ಪುತ್ತಿತ್ತು. ಟಿವಿಯ ಮುಂದೆ ಕಿವಿ ನಿಮಿರಿಸಿ ಕೂರುವ ತಾಯಿಯ ಮುಖ ಎದುರಿಗೆ ಬಂತು.

ದಾರಿ ಹೊಳೆದದ್ದು ಆಲಿವ್‌ಗೆ. “ಬೇಡ ಅಂದವರು ನೀವು. ಆಗಲಿ ಅನ್ನೋದಿಕ್ಕೂ ನೀವೇ ಹೋಗ್ಬೇಕು” ಅಂದಳು. “ಹಿತ್ತಲ ಮೆಟ್ಟಿಲು ನೇರ ಬಂದರಿಗೆ ಇಳಿಯುತ್ತೆ. ಹತ್ತಿರ ಹೋಗ್ಬೇಡಿ. ನಾಲ್ಕು ಮಾತಾಡಿ, ಮಂಜಿಗೆ ಸರ್ಕೊಂಡುಬಿಡಿ. ಮತ್ತೆ, ಸ್ವಲ್ಪ ದಪ್ಪ ದನೀಲಿ ರೀ. ಹದಿನೆಂಟು ವರ್ಷ ನಾನು ಅವರಿಗೆ ದಪ್ಪ ದನಿ ಅಂತ ಹೇಳಿದೀನಿ.”

ಬಂದರಿನ ಇಳಿಜಾರಿನಲ್ಲಿ ನಾಲ್ಕು ದೋಣಿಗಳು ಹೊಟ್ಟೆ ಮೇಲೆ ಮಾಡಿ ಮಲಗಿದ್ದವು. ಹನ್ನೆರಡು ಜನ ಅವುಗಳಿಗೆ ಬೆನ್ನು ಹಾಕಿ ಕೂತಿದ್ದರು. ಕಟ್ಟೆಯ ಮೇಲೆಲ್ಲೋ ಕ್ರಾಡಕ್ ಯಾರನ್ನೋ ಬೈಯುವುದು ಹತ್ತಿಯಲ್ಲಿ ಸುತ್ತಿದ ಹಾಗೆ ಕೇಳಿಸುತ್ತಿತ್ತು. ಡೆನ್ಜಿಲ್ ನೀರಿನ ಅಂಚಿಗೆ ಬಂದು ಮಂಜಿನಲ್ಲಿ ಅರ್ಧ ಮುಳುಗಿ ನಿಂತ. ಕೊಂಬು ಒಮ್ಮೆ ಕೂಗಿ ನಿಂತಿತು. ಆ ನಿಶ್ಶಬ್ದದಲ್ಲಿ, ತನ್ನ ಎದೆಯ ತಳದಲ್ಲಿ ಎಲ್ಲಿತ್ತೋ ತನಗೇ ಗೊತ್ತಿರದ ಒಂದು ದನಿಯಲ್ಲಿ ಕರೆದ.

“ಏಮಸ್.”

ಹನ್ನೆರಡು ತಲೆಗಳು ತಿರುಗಿದವು.

“ಗಾಳಿ ತಿರುಗಿತು. ಇಳಿಸಿ. ದೂರ ಹೋಗಬೇಡಿ. ಒಂದು ಸುತ್ತು ಹಾಕಿ ಬನ್ನಿ. ನೀವು ಬರೋತನಕ ನಾನು ನೋಡ್ಕೋತಿರ್ತೀನಿ.”

ಯಾರೂ ಅಲುಗಲಿಲ್ಲ. ಏಮಸ್‌ನ ಗಡ್ಡದ ಮೇಲೆ ನೀರು ಇಳಿಯುತ್ತಿತ್ತು. “ಕ್ಯಾಪ್ಟನ್... ನಮ್ಮಪ್ಪ ಅಲ್ಲಿ ಅವ್ನಾ? ಚೆನ್ನಾಗವ್ನಾ?”

ಇದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಏನು ಹೇಳಬೇಕೆಂದು ಡೆನ್ಜಿಲ್ ಯೋಚಿಸುವ ಮೊದಲೇ ಬಾಯಿ ಹೇಳಿತ್ತು. “ಚೆನ್ನಾಗಿದ್ದಾನೆ. ನಿನ್ನನ್ನ ಕೇಳ್ತಿರ್ತಾನೆ.” ಆ ದನಿ ತನ್ನದಲ್ಲ ಅನ್ನಿಸಿ ಅವನಿಗೇ ಭಯವಾಯಿತು. ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು ಮಂಜಿನೊಳಗೆ ಸರಿದುಕೊಂಡ. ಅವನ ಬದುಕಿನಲ್ಲೇ ಅದಕ್ಕಿಂತ ದೊಡ್ಡ ಅಭಿನಯ ಇರಲಿಲ್ಲ. ಚಪ್ಪಾಳೆಯ ಬದಲು ಹನ್ನೆರಡು ಜನ ಗಂಡಸರು ಬಿಕ್ಕುವ ಸದ್ದು ಬಂತು.

ಆಮೇಲೆ ದೋಣಿಗಳು ಜಾರುವ ಸದ್ದು ಬಂತು. ಎರಡು ಗಂಟೆಗಲ್ಲ, ಆಗಲೇ! ಡೆನ್ಜಿಲ್ ಎದ್ದೂಬಿದ್ದೂ ಓಡಿದ. ಬಂದರಿನ ಹಿಂಬದಿಯ ಮೆಟ್ಟಿಲು, ಮೀನಿನ ಪೆಟ್ಟಿಗೆಗಳು, ಬಲೆಗಳು. ಬಲೆಯೊಂದು ಟೋಪಿ ಕಿತ್ತುಕೊಂಡಿತು. ತೇವಕ್ಕೆ ಅಂಟು ಬಿಟ್ಟು ಗಡ್ಡ ಒಂದು ಕಿವಿಯಿಂದ ನೇತಾಡಿತು, ಕೈಯಲ್ಲಿ ಬಂತು, ಎಲ್ಲೋ ಬಿತ್ತು, ಎಷ್ಟು ಹುಡುಕಿದರೂ ಸಿಗಲಿಲ್ಲ. ಚರ್ಚಿನ ಹಾಲ್‌ಗೆ ನುಗ್ಗಿದಾಗ ಬೆರಿಲ್ ಅವನ ಸ್ಥಿತಿ ನೋಡಿ ತಲೆ ಚಚ್ಚಿಕೊಂಡು, ಒದ್ದೆಯಾದ ಕೋಟು ಕಿತ್ತುಕೊಂಡು, ಹುಬ್ಬು ಒರೆಸಿದಳು. ಬೇರೆ ಗಡ್ಡ ಸಿಗುವುದು ಅನುಮಾನ ಅಂದಳು. ಗಡ್ಡ ಇಲ್ಲದೆಯೂ ಮಾತಾಡಬಹುದು ಅಂದ ಡೆನ್ಜಿಲ್. ತನ್ನ ಹಳೆ ಉಣ್ಣೆ ಟೋಪಿ ಬೋಳು ತಲೆಗೆ ಎಳೆದುಕೊಂಡು ಕಟ್ಟೆಗೆ ಓಡಿದ. ಆಗ ಎರಡಕ್ಕೆ ಹತ್ತು ನಿಮಿಷ ಇತ್ತು.

ಕ್ರಾಡಕ್ ಕ್ಯಾಮೆರಾದ ಪಕ್ಕ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ.

“ಸರ್, ನಾನು ಬಂದೆ. ದೋಣಿ ಬೇಡ ಅನ್ನೋವನು.”

“ಮುಗೀತಯ್ಯಾ” ಅಂದ ಕ್ರಾಡಕ್, ಎಂದಿನಂತೆ ಅವನನ್ನು ನೋಡದೆ. “ಎಲ್ಲಾ ಸಿಕ್ಕಿತು. ಏನು ಮುಖಗಳು ಅವು! ಸಾವನ್ನೇ ಮಾತಾಡಿಸಿ ಬಂದವರ ಹಾಗೆ, ಸುಮ್ಮನೆ, ಒಬ್ಬೊಬ್ಬರಾಗಿ ಮಂಜಿನೊಳಗೆ ಹೋದ್ರು. ಹದಿನೈದು ವರ್ಷದಿಂದ ನಟರನ್ನ ಬೇಡ್ಕೋತಿದೀನಿ, ಇಂಥದ್ದು ಒಂದು ಸಲ ಸಿಕ್ಕಿಲ್ಲ. ಇದರ ಮಧ್ಯೆ ಯಾರೋ ಮುದುಕ ಬಂದು ಬಾಯಿ ಬಿಟ್ರೆ ಕೆಟ್ಟುಹೋಗುತ್ತೆ. ಆ ಮಾತು ತೆಗೆದುಹಾಕಿದೆ.”

“ಒಂದೇ ಒಂದು ಮಾತು ಸರ್. ಬೇಕಿದ್ರೆ ನನ್ನ ತೋರಿಸೋದೂ ಬೇಡ. ದನಿ ಸಾಕು.”

“ದನಿಯೇ ಬೇಡ ಅಂತಿದೀನಲ್ಲ. ನಂಗೀಗ ಬೇಕಿರೋದು ಮುಖ. ಮುಳುಗಿಹೋದ ದೊಡ್ಡವನೊಬ್ಬನ ಚಿತ್ರ ಗೋಡೆ ಮೇಲೆ ಇರ್ಬೇಕು, ಎಂಟೂ ವಾರ. ಈ ಊರಲ್ಲಿ ಯಾರೋ ಕ್ಯಾಪ್ಟನ್ ಇದ್ದರಂತೆ. ಅವರ ಮನೆಯವರನ್ನ ಕರೆಸಿದೀನಿ.”

ದೋಣಿಗಳು ಸುತ್ತು ಹಾಕಿ ಸುರಕ್ಷಿತವಾಗಿ ಮರಳಿದವು. ಏಮಸ್ ದಂಡೆಗೆ ಹಾರಿದವನೇ, ಕ್ಯಾಪ್ಟನ್ ನೀರಿನ ಮೇಲೆ ನಡೆದುಕೊಂಡು ಪಕ್ಕದಲ್ಲೇ ಬರುತ್ತಿದ್ದರು, ಉದ್ದಕ್ಕೂ ಮಾತಾಡಿಸುತ್ತಿದ್ದರು ಅಂತ ಊರಿಗೆಲ್ಲ ಹೇಳತೊಡಗಿದ. ಉಳಿದ ಹನ್ನೊಂದು ಜನವೂ ಹೌದೆಂದರು. ಆ ಹೊತ್ತಿನಲ್ಲಿ ಡೆನ್ಜಿಲ್ ಮೀನಿನ ಪೆಟ್ಟಿಗೆಗಳ ನಡುವೆ ಗಡ್ಡ ಹುಡುಕುತ್ತಿದ್ದ.

ಜನ ದಾರಿ ಬಿಟ್ಟರು. ಆಲಿವ್ ಬೆಳ್ಳಿ ಚೌಕಟ್ಟನ್ನು ಎದೆಗೆ ಅವಚಿಕೊಂಡು ಬಂದಳು. ಪಕ್ಕದಲ್ಲಿ ಮಿಸ್ ಪಿನ್ನಕ್, ಹಿಂದೆ ಇಡೀ ಊರು. ಕ್ರಾಡಕ್ ಚೌಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದ. ತುಂಬ ಹೊತ್ತು ನೋಡಿದ. ಡೆನ್ಜಿಲ್ ಅವನಿಂದ ಎರಡೇ ಮಾರು ದೂರದಲ್ಲಿ ನಿಂತಿದ್ದ.

“ದೇವರೇ” ಅಂದ ಕ್ರಾಡಕ್, ಪಿಸುದನಿಯಲ್ಲಿ. “ಎಂಥಾ ಮುಖ! ಈ ಕಣ್ಣು ನೋಡಿ, ಏನೋ ಹೇಳೋಕೆ ಕಾಯ್ತಿರೋ ಹಾಗಿದೆ. ಇಂಥ ಮನುಷ್ಯ ಎಲ್ಲಿದ್ದ ಇಷ್ಟು ದಿನ? ಇವನು ಬದುಕಿದ್ದಿದ್ರೆ ಕೈಕಾಲು ಹಿಡಿದಾದ್ರೂ ಕರ್ಕೊಂಡು ಬರ್ತಿದ್ದೆ. ಎಂಟು ವಾರವೂ ಇವನೊಬ್ಬನೇ ಮಾತಾಡೋ ಹಾಗೆ ಕಥೆ ತಿರುಗಿಸ್ತಿದ್ದೆ.”

ಡೆನ್ಜಿಲ್‌ನ ಬಾಯಿ ತೆರೆಯಿತು. ಎಂಟು ವಾರ! ಅಮ್ಮ ಎಂಟು ವಾರ ಕೇಳುತ್ತಾಳೆ! ಒಂದು ಹೆಜ್ಜೆ ಮುಂದಿಟ್ಟು ‘ಅದು ನಾನೇ’ ಅಂದರೆ ಮುಗಿಯಿತು, ಇಲ್ಲೂ ಎರಡೇ ಪದ ಸಾಕು. ಹೆಜ್ಜೆ ಇಟ್ಟೂಬಿಟ್ಟ. ಆಗ ಆಲಿವ್ ಅವನತ್ತ ನೋಡಿದಳು. ಬೇಡಿಕೊಳ್ಳಲಿಲ್ಲ, ತಲೆ ಅಲ್ಲಾಡಿಸಲಿಲ್ಲ. ಖಾಲಿಯಾದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಅಡುಗೆಮನೆಯ ಬಾಗಿಲಲ್ಲಿ ನಿಂತವಳ ಹಾಗೆ, ಮುಂದೆ ಕಟ್ಟಿಕೊಂಡು ಸುಮ್ಮನೆ ನಿಂತಿದ್ದಳು.

ಡೆನ್ಜಿಲ್ ಬಾಯಿ ಮುಚ್ಚಿದ. ಗಂಟಲಿನವರೆಗೆ ಬಂದಿದ್ದ ಎರಡು ಪದಗಳನ್ನು ನುಂಗಿದ. ನೋವಾಯಿತು, ತುಂಬ ನೋವಾಯಿತು.

ಅಷ್ಟರಲ್ಲಿ ಪಕ್ಕದಿಂದ ಏಮಸ್‌ನ ಮೊಣಕೈ ಅವನ ಪಕ್ಕೆಗೆ ಬಲವಾಗಿ ತಿವಿಯಿತು.

“ಯಾವೂರ್ನೋನಯ್ಯಾ ನೀನು? ಯಾರ ಮುಂದೆ ನಿಂತಿದ್ದೀಯ ಅಂತ ಗೊತ್ತೈತಾ? ದೊಡ್ಡ ಮನುಷ್ಯ ಕಣಯ್ಯಾ ನಮ್ಮ ಕ್ಯಾಪ್ಟನ್ನು. ಟೋಪಿ ತೆಗಿ.”

ಡೆನ್ಜಿಲ್ ಟೋಪಿ ತೆಗೆದ.